ಅಮ್ಮಣ್ಣಿಯ ಬಾಗಿಲಲ್ಲಿ ಕೂತೋನು

"ಕೇಳ್ರಪ್ಪೋ! ಹುಲಿಮಲೆ ರಾಜನ ಮಗಳು ಚಿಕ್ಕಾಜಮ್ಮಣ್ಣಿ ಹಾಕೋ ಮೂರು ಒಗಟು ಬಿಡಿಸ್ದೋನ್ಗೆ ಅವಳೂ ಅರ್ಧ ರಾಜ್ಯವೂ! ತಪ್ಪಿದೋನ ತಲೆ ಕೋಟೆ ಮೇಲೆ!"

ಹಿಂಗೆ ಡಂಗೂರ ಸಾರಿದ್ರು. ಈ ಕತೆ ನನ್ನಂಗೆ ಹೇಳೋ ಗಂಡ್ಸು ಈ ಸೀಮೇಲಿ ಇನ್ನೊಬ್ಬ ಇಲ್ಲ, ಬಾಯ್ಮುಚ್ಕೊಂಡು ಕೇಳಿ.

ತಾಯಿಲ್ಲದ ಹುಡುಗಿ. ಮದ್ವೆ ಅಂದ್ರೆ ನಡುಗೋಳು. ಅಪ್ಪ ಕತ್ತಿ ಹಿರಿದು ಬಲವಂತ ಮಾಡ್ದಾಗ, ಪರದೆ ಹಿಂದೆ ಕೂತು ಒಗಟು ಹಾಕಿದ್ಲು.

"ನನ್ನ ಬಾಗಿಲಲ್ಲಿ ಒಬ್ಬ ಕೂತವ್ನೆ. ಕರೀದೆ ಬಂದ, ಬೈದ್ರೂ ಏಳಲ್ಲ. ಯಾರು?"

ಪಕ್ಕದ ಸೀಮೆ ಯುವರಾಜ ಮೀಸೆ ತಿರುವಿ "ನಾಯಿ" ಅಂದ. ಮೀಸೆ ಸಮೇತ ತಲೆ ಮೆಟ್ಲ ಮೇಲೆ ಉರುಳ್ತು. ಒಬ್ಬ ಪಂಡಿತ "ಬಸಿರು" ಅಂದ. ಅವನ್ನ ರಾಜನೇ ಹೆಗಲಿಂದ ಸೊಂಟದ ತಂಕ ಸೀಳಾಕ್ದ. ಕೋಟೆ ಮೇಲೆ ಹದ್ದುಗಳಿಗೇ ತಿಂದು ಸಾಕಾಯ್ತು.

ಆಗ ಬಂದ ಕಂಬಳಿ ನೇಯೋ ಮುದ್ದ, ಸೂಲಗಿತ್ತಿ ಸಣ್ಣಕೆಂಚಿ ಮಗ.

"ಅದು ಗಂಟು ಅಮ್ಮಣ್ಣಿ. ಹೆಂಗಸ್ರು ಹೇಳ್ಕೊಳ್ಳಕ್ಕೆ ಆಗದ ಜಾಗ್ದಲ್ಲಿ ಎದ್ದಿರೋ ಗಂಟು."

ರಾಜ ಕತ್ತಿ ಅವನ ಕುತ್ಗೆಗೆ ಒತ್ತಿದ. ರಕ್ತ ಜಿನುಗ್ತು. "ಏನ್ ಬೊಗಳ್ದೋ!"

"ಬಿಡಿ ಅಪ್ಪಾಜಿ, ಸರಿಯಾಗೇ ಹೇಳವ್ನೆ" ಅಂದ್ಲು ಹುಡುಗಿ. "ಎರಡ್ನೇದು. ಒತ್ತಿದ್ರೆ ಜಾರ್ತಾನೆ, ನೋಯ್ಸಲ್ಲ, ವರ್ಷವರ್ಷ ಬೆಳೀತಾನೆ. ಕೊಲ್ತಾನೋ, ಬಿಡ್ತಾನೋ?"

"ಅಂಥೋರು ಬಿಡೋದೇ ಹೆಚ್ಚು. ಆದ್ರೆ ಮುಟ್ದೆ, ಹೊರಕ್ಕೆ ತೆಗ್ದು ಸೀಳಿ ನೋಡ್ದೆ ಆಣೆ ಇಡೋನು ಸುಳ್ಳ."

"ಮೂರ್ನೇದು. ಗಂಡ್ಸಿನ ಕಣ್ಣಿಗೆ ಬೀಳ್ದಂಗೆ ಅವನ್ನ ಹೊರಕ್ಕೆ ಹಾಕೋರ್ಯಾರು?"

"ನಮ್ಮವ್ವ. ನಮ್ಮ ಜಗ್ಲಿಗೆ ಬರೋ ಹೆಂಗಸ್ರು ನಾಚ್ಕೆಗೆ ಹಿಂಗೇ ಒಗಟೊಗಟಾಗಿ ಹೇಳೋದು. ಮಗ್ಗದ ಮುಂದೆ ಕೂತು ಕೇಳಿವ್ನಿ. ಇಷ್ಟು ತಲೆ ಉರುಳ್ಸೋ ಬದ್ಲು ಒಬ್ಬ ಹೆಂಗಸ್ಗೆ ಹೇಳ್ಬಾರ್ದಿತ್ತಾ?"

"ಯಾರಿಗೇಳ್ಲಿ?" ಅಂತ ಅತ್ಲು. "ತಲೆಗೆ ಹೆದರಿ ಯಾರೂ ಬರಲ್ಲ ಅನ್ಕೊಂಡಿದ್ದೆ."

ಸಣ್ಣಕೆಂಚಿ ಬಂದು ಮುಟ್ಟಿ ನೋಡಿ, ರಾಜನ ಕತ್ತಿನೇ ಕೇಳಿದ್ಲು. "ಇಷ್ಟುದ್ದ ಯಾಕೆ ಬುದ್ಧಿ? ಬೆರಳುದ್ದ ಸಾಕು." ಕಮ್ಮಾರ ಅದನ್ನ ಮುರಿದು ಚೂರಿ ಮಾಡ್ದ. ಚೂರೀನ ನೀರಲ್ಲಿ ಕುದಿಸಿ, ಹುಡುಗಿಗೆ ಅಫೀಮು ತಿನ್ಸಿ, ದಾಸೀರ ಕೈಲಿ ಅದುಮಿ ಹಿಡ್ಸಿ ಕುಯ್ದ್ಲು. ಆ ಕಿರುಚಾಟಕ್ಕೆ ಹದ್ದುಗಳೇ ಹಾರೋದ್ವು. ಗಂಟು ಪೊರೆ ಸಮೇತ, ಹಲಸಿನ ಬೀಜದಂಗೆ ಈಚೆ ಬಂತು. ಸೀಳಿದ್ರೆ ಬರೀ ಕೊಬ್ಬು.

"ಕೊಲ್ಲೋನಲ್ಲ ಕಣವ್ವ" ಅಂದ್ಲು ಕೆಂಚಿ.

ಮುದ್ದನ್ಗೆ ಅರ್ಧ ರಾಜ್ಯ ಬಂತು. ಗಾಯ ಮಾಗಿದ್ಮೇಲೆ ಹುಡುಗಿ ತಾನಾಗೇ ಹೂಂ ಅಂದ್ಲು. ರಾಜ ಸಾಯೋಗಂಟ ಖಾಲಿ ಒರೆ ಕಟ್ಕೊಂಡು ತಿರುಗ್ದ. ಕತ್ತಿ ಕೆಂಚಿ ಮಡ್ಲಲ್ಲಿತ್ತು.