ಅಜ್ಜಾರ ಹೆಸರಿನ ಗಿಟಾರು

ತುಂಗಭದ್ರೆಯ ದಂಡೆಗೆ ಒಂದು ಮಠ. ಅಲ್ಲಿ ಗುರುಪಾದಯ್ಯನವರೆಂಬ ಹಿರಿಯರು ತತ್ವಪದಗಳನ್ನು ಎಲೆಕ್ಟ್ರಿಕ್ ಗಿಟಾರಿನ ಮೇಲೆ ನುಡಿಸುತ್ತಿದ್ದರು. ಪ್ರಾಯದಲ್ಲಿ ನಾಟಕ ಕಂಪನಿಯಲ್ಲಿದ್ದವರು. ಕಂಪನಿ ಮುಚ್ಚಿತು, ಗಿಟಾರು ಅವರ ಹಿಂದೆಯೇ ಮಠಕ್ಕೆ ಬಂತು. ಸುತ್ತಲಿನವರಿಗೆಲ್ಲ ಅವರು ಅಜ್ಜಾರು.

ಆ ಗಿಟಾರನ್ನು ಮಾಡಿಕೊಟ್ಟವರು ಕಂಪನಿಯ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ ಮೌನೇಶಾಚಾರಿ. ಹಲಸಿನ ಮರದ್ದು, ಬೀಸುವ ಕಲ್ಲಿನಷ್ಟು ಭಾರ.

ಕೊಟ್ರಯ್ಯ ಹನ್ನೊಂದು ವರ್ಷದಿಂದ ಅಜ್ಜಾರ ಶಿಷ್ಯ. ಆ ವರ್ಷ ಅಜ್ಜಾರ ಎಡಗೈ ಬೆರಳುಗಳು ಮರಗಟ್ಟತೊಡಗಿದವು. ಬರುವ ಅಮಾವಾಸ್ಯೆಯ ಭಜನೆಗೆ ತಮ್ಮ ಜಾಗದಲ್ಲಿ ಕೊಟ್ರಯ್ಯನೇ ಕೂಡಬೇಕೆಂದು ಹೇಳಿಬಿಟ್ಟರು.

ಕೊಟ್ರಯ್ಯನಿಗೆ ಒಂದೇ ಆಸೆ. ಹಳೆಯ ಗಿಟಾರು ತನ್ನ ಪಾಲಿಗೆ ಬರಬೇಕು. ಅದು ತೊಡೆಯ ಮೇಲಿದ್ದರೆ ಜನ ಅಜ್ಜಾರನ್ನೇ ಕೇಳಿದಂತೆ ಕೇಳುತ್ತಾರೆ. ಇಲ್ಲದಿದ್ದರೆ ಮಂಗಳಾರತಿಗೂ ಕಾಯದೆ ಎದ್ದುಹೋಗುತ್ತಾರೆ ಎಂಬ ಅಳುಕು.

ಅದೇ ಹೊತ್ತಿಗೆ ಮೌನೇಶಾಚಾರಿಯ ಮಗ ಕಾಳಪ್ಪ ಹೊಸ ಗಿಟಾರೊಂದನ್ನು ಹೊತ್ತು ತಂದ. ಅಜ್ಜಾರ ಕ್ಯಾಸೆಟ್ಟು ಕೇಳಿದವರು ಅಂಥದ್ದೇ ಬೇಕೆಂದು ಅವನ ಅಂಗಡಿಗೆ ಬರುತ್ತಿದ್ದರಂತೆ. ಹಳೆಯದನ್ನು ಅಳೆದು ಸುರಿದು ನೋಡಿ ಇದನ್ನು ಮಾಡಿದ್ದ. ಇದರ ತಲೆಯ ಮೇಲೆ ಅಜ್ಜಾರು ತಮ್ಮ ರುಜು ಹಾಕಿಕೊಟ್ಟರೆ ಅದೇ ಹೆಸರಿನಲ್ಲಿ ಮಾರುವ ಯೋಚನೆ ಅವನದು.

ಅಜ್ಜಾರು ರುಜು ಹಾಕಲಿಲ್ಲ. ಎರಡನ್ನೂ ಕೊಟ್ರಯ್ಯನ ಮುಂದಿಟ್ಟರು. ಅಮಾವಾಸ್ಯೆಯವರೆಗೆ ಬಾರಿಸಿ ನೋಡು, ಒಂದನ್ನು ಇಟ್ಟುಕೋ, ಇನ್ನೊಂದು ಮಾದರಿಗೆಂದು ಅಂಗಡಿಗೆ ಹೋಗಲಿ ಎಂದರು. ಯಾಕೆ ಅದನ್ನೇ ಆರಿಸಿಕೊಂಡೆ ಎಂಬುದನ್ನು ಮಾತ್ರ ತಮಗೆ ಹೇಳಬೇಕು.

ಕೊಟ್ರಯ್ಯ ಹದಿನೈದು ದಿನ ಎರಡನ್ನೂ ಬಾರಿಸಿದ.

ಅಮಾವಾಸ್ಯೆಯ ದಿನ ಮಧ್ಯಾಹ್ನ ಮೂವರೂ ಹೊಳೆಯ ಕಡೆಯ ಪಡಸಾಲೆಯಲ್ಲಿ ಕುಳಿತರು. ಕೊಟ್ರಯ್ಯ ತಾನು ಕಂಡದ್ದನ್ನು ಹೇಳುತ್ತ ಹೋದ. ಹೊಸದು ಹಗುರ, ಬೆನ್ನು ನೋಯುವುದಿಲ್ಲ. ತಂತಿ ಕುತ್ತಿಗೆಯ ಹಿತ್ತಾಳೆ ಮೆಟ್ಟುಗಳಿಗೆ ಹತ್ತಿರವಿದೆ, ಬೆರಳು ಸುಲಭವಾಗಿ ಓಡುತ್ತದೆ. ಆದರೂ ತನಗೆ ಹಳೆಯದೇ ಬೇಕು.

ಯಾಕೆಂದು ಅಜ್ಜಾರು ಕೇಳಿದರು.

"ಹಳೇದರಾಗ ಗುಂಯ್ ಅಂತ ಒಂದು ನಾದ ಐತ್ರಿ ಅಜ್ಜಾರ. ಸುಮ್ಮನಿದ್ದಾಗೂ ಓಂಕಾರ ಹಿಡಿದಂಗ. ಹೊಸದು ಮೂಕ."

"ಅದು ಕರೆಂಟಿನ ವೈರಿನ ಸದ್ದು. ಹೋಗಲಿ ಅಂತ ನಾ ಮಾಡದ ಉಪಾಯ ಇಲ್ಲ."

ಕಾಳಪ್ಪ ಮುಖ ಹೊರಳಿಸಿ ನಕ್ಕ. ಕೊಟ್ರಯ್ಯನ ಕಿವಿ ಬಿಸಿಯಾಯಿತು. ಅವನು ಉಳಿಸಿಕೊಂಡಿದ್ದ ಮಾತನ್ನು ಈಗ ತೆಗೆದ. ಭೈರವಿಯಲ್ಲಿ ಅಜ್ಜಾರು ಧೈವತವನ್ನು ಎಂದೂ ನೇರ ಒತ್ತುವುದಿಲ್ಲ. ಒಂದು ಮೆಟ್ಟು ಕೆಳಗೆ, ಪಂಚಮದಲ್ಲಿ ಬೆರಳಿಟ್ಟು ತಂತಿಯನ್ನು ಜಗ್ಗಿ, ಅಳುವ ಕೂಸನ್ನು ಎತ್ತಿಕೊಂಡಂತೆ ಧೈವತಕ್ಕೆ ತರುತ್ತಾರೆ. ಮಠದ ಶಿಷ್ಯರೆಲ್ಲ ಮೊದಲ ವರ್ಷ ಕಲಿಯುವುದು ಅದನ್ನೇ. ಧೈವತದ್ದೇ ಆದ ಎಂಟನೆಯ ಮೆಟ್ಟಿನ ಮೇಲೆ ಬೆರಳಿಟ್ಟವನಿಗೆ ಹಿರಿಯ ಶಿಷ್ಯರಿಂದ ಬೈಗುಳ ತಪ್ಪುವುದಿಲ್ಲ.

"ಆ ಧೈವತ ಹಳೇ ಗಿಟಾರಿನಾಗ ಹುಟ್ಟಿದ್ದು. ಹೊಸದು ಅದನ್ನ ಬೇಡೋದೇ ಇಲ್ರಿ. ಅದರಾಗ ನೀವು ಇಲ್ಲ."

ಅಜ್ಜಾರು ಹೊಸದನ್ನು ಎತ್ತಿಕೊಂಡರು. ಮರಗಟ್ಟಿದ ಬೆರಳನ್ನು ಎಂಟನೆಯ ಮೆಟ್ಟಿನ ಮೇಲೆ ನೇರ ಒತ್ತಿ ಮೀಟಿದರು.

ಧೈವತ ತಿಳಿಯಾಗಿ ಬಂತು. ಅಜ್ಜಾರು ಕಣ್ಣು ಮುಚ್ಚಿ ಅದು ಆರುವವರೆಗೂ ಕೇಳಿದರು. ಮತ್ತೊಮ್ಮೆ ಮೀಟಿದರು.

ಹನ್ನೊಂದು ವರ್ಷದಲ್ಲಿ ಆ ಬೆರಳು ಅಲ್ಲಿ ಕೂತದ್ದನ್ನು ಕೊಟ್ರಯ್ಯ ಕಂಡಿರಲಿಲ್ಲ.

ಕಾಳಪ್ಪ ತಲೆ ತಗ್ಗಿಸಿಕೊಂಡು ಹೇಳಿದ. ಹಳೆಯದನ್ನು ಅಳೆಯುವಾಗಲೇ ಅವನಿಗೆ ಗೊತ್ತಾಗಿತ್ತು. ಒಂಬತ್ತನೆಯ ಮೆಟ್ಟು ಕೂದಲೆಳೆಯಷ್ಟು ಎದ್ದಿದೆ. ಎಂಟರಲ್ಲಿ ಒತ್ತಿದರೆ ತಂತಿ ಅದಕ್ಕೆ ತಗುಲಿ ಗರಗರ ಎನ್ನುತ್ತದೆ. ಅಪ್ಪನ ಕೈತಪ್ಪು. ಹೊಸದರಲ್ಲಿ ತಿದ್ದಿದ್ದ, ಹೇಳಲು ನಾಚಿಕೆಯಾಗಿತ್ತು.

"ನಮಗೆ ಹೇಳಿದ್ದರ ಅಪ್ಪನೇ ಒಂದು ಗಳಿಗೇಲಿ ತಿದ್ದಿಕೊಡ್ತಿದ್ದನಲ್ರಿ ಅಜ್ಜಾರ," ಎಂದ.

"ಕೊಡುವಾಗ ಅವನ ಕಣ್ಣು ಮಂಜಾಗಿತ್ತು. ಅದೇ ಕಡೇದು, ಇನ್ನ ಮಾಡಂಗಿಲ್ಲ ಅಂದ. ಹೆಂಗೈತಿ ಅಂತ ಕೇಳಿದ. ಚಲೋ ಐತಿ ಅಂದೆ," ಎಂದರು ಅಜ್ಜಾರು. "ಅಂದಮೇಲೆ ಹಂಗೇ ಬಾರಿಸಬೇಕಲ್ಲ."

ಅಜ್ಜಾರು ಹೊಸ ಗಿಟಾರಿನ ತಲೆಯ ಮೇಲೆ ರುಜು ಹಾಕಿದರು. ಅದರ ಮೇಲ್ಗಡೆ ಮೌನೇಶಾಚಾರಿಯ ಹೆಸರನ್ನೂ ಬರೆದರು. ಆಮೇಲೆ ಹಳೆಯದನ್ನು ಕಾಳಪ್ಪನ ಕೈಗೆ ಕೊಟ್ಟು, ಆ ಮೆಟ್ಟನ್ನು ಈಗಲೇ ಸರಿಮಾಡು ಎಂದರು.

ಕೊಟ್ರಯ್ಯ ಬೇಡವೆನ್ನಲು ಬಾಯಿ ತೆರೆದ. ಅಷ್ಟರಲ್ಲಿ ಕಾಳಪ್ಪನ ಚೀಲದಿಂದ ಅರ ಹೊರಬಂದಿತ್ತು. ಅವನು ಮೆಟ್ಟನ್ನು ಅರದಿಂದ ಉಜ್ಜಿದ, ಬೆರಳಾಡಿಸಿ ನೋಡಿದ, ಮತ್ತೆ ಉಜ್ಜಿದ. ಹಿತ್ತಾಳೆಯ ಪುಡಿ ಚಾಪೆಯ ಮೇಲೆ ಉದುರಿತು. ಕೊಟ್ರಯ್ಯ ಅದನ್ನೇ ನೋಡುತ್ತ ಕುಳಿತ. ತನ್ನ ಪಾಲಿಗೆ ಬರಬೇಕಾದದ್ದು ಕಣ್ಣೆದುರೇ ಪುಡಿಯಾಗುತ್ತಿದೆ ಅನ್ನಿಸಿತು.

ತಂತಿ ಬಿಗಿದು ಶ್ರುತಿ ಮಾಡಿ ಕಾಳಪ್ಪ ಗಿಟಾರನ್ನು ಅವನಿಗೆ ಒಪ್ಪಿಸಿದ.

ಕೊಟ್ರಯ್ಯ ಎಂಟನೆಯ ಮೆಟ್ಟಿನಲ್ಲಿ ನೇರ ಒತ್ತಿದ. ಧೈವತ ಬಂತು, ಗರಗರವಿಲ್ಲದೆ. ಪಂಚಮದಿಂದ ಜಗ್ಗಿದ. ಧೈವತ ಬಂತು, ಅಜ್ಜಾರು ತರುತ್ತಿದ್ದಂತೆಯೇ. ಹೊಸದನ್ನು ತೆಗೆದುಕೊಂಡು ಹಾಗೆಯೂ ಹೀಗೆಯೂ ನುಡಿಸಿ ನೋಡಿದ. ಅದರಲ್ಲೂ ಎರಡೂ ಬಂದವು.

ಹೊರಗೆ ಭಜನೆಯ ಚಾಪೆ ಹಾಸುವ ಸದ್ದು ಕೇಳಿಸಿತು. ದೂರದ ಊರುಗಳವರು ಆಗಲೇ ಹೊಳೆಯಲ್ಲಿ ಕಾಲು ತೊಳೆಯುತ್ತಿದ್ದರು.

ಕೊಟ್ರಯ್ಯ ಎರಡು ಗಿಟಾರುಗಳ ನಡುವೆ ಕೈಕಟ್ಟಿ ಕುಳಿತ. ಯಾವುದು ಬೇಕು ಎಂಬ ಮಾತು ಅವನಿಗೆ ಮರೆತೇಹೋಗಿತ್ತು.

"ಅಜ್ಜಾರ, ಇವತ್ತ ಧೈವತ ಜಗ್ಗಿ ಹಿಡೀಲೋ, ನೆಟ್ಟಗ ಒತ್ತಲೋ?"

ಅಜ್ಜಾರು ಚಾಪೆಯ ಮೇಲಿನ ಹಿತ್ತಾಳೆ ಪುಡಿಯನ್ನು ಅಂಗೈಯಿಂದ ಒಟ್ಟುಮಾಡುತ್ತಿದ್ದರು.

"ನನಗಿದ್ದದ್ದು ಒಂದೇ ದಾರಿ, ತಮ್ಮಾ. ಎರಡು ಇದ್ದಾಂವ ನನ್ನ ಕೇಳಿ ಏನು ಮಾಡ್ತಿ?"