ಏಕಾದಶಿಯ ನೀರು

ನದಿಯ ದಂಡೆಯ ಆಶ್ರಮವೊಂದರಲ್ಲಿ ಕಾತ್ಯಾಯಿನಿ ಅಮ್ಮನವರು ಗುರುಗಳಾಗಿದ್ದರು. ಶೇಷಗಿರಿ ಅವರ ಶಿಷ್ಯ. ಉಪನಿಷತ್ತು ಕಲಿಯಲೆಂದು ಬಂದವನಿಗೆ ಅಮ್ಮನವರು ಮೊದಲು ವಹಿಸಿದ್ದು ಅಡುಗೆಮನೆಯ ಹಿಂದಿನ ಕೊಳಚೆನೀರಿನ ಶುದ್ಧೀಕರಣ ಘಟಕವನ್ನು.

ಘಟಕವೆಂದರೆ ದೊಡ್ಡದೇನಲ್ಲ. ಸಾಲಾಗಿ ಕೆಲವು ತೊಟ್ಟಿಗಳು, ಗಾಳಿ ಊದುವ ಒಂದು ಯಂತ್ರ. ಪಾತ್ರೆ ತೊಳೆದ ನೀರು, ಬಚ್ಚಲಿನ ನೀರು, ಶೌಚದ ನೀರು ಮೊದಲ ತೊಟ್ಟಿಗೆ ಬಿದ್ದು, ಕೊನೆಯ ತೊಟ್ಟಿಯಿಂದ ಬಾಳೆಯ ತೋಟಕ್ಕೆ ಹರಿಯುತ್ತಿತ್ತು. ನದಿಗೆ ಹೋಗುವ ಕೊಳವೆಗೆ ಮಾತ್ರ ಬೀಗ ಜಡಿದಿತ್ತು. ಕೆಳಗಿನ ಊರಿನವರು ಮೀಯುತ್ತಿದ್ದುದು ಆ ನದಿಯಲ್ಲೇ.

"ನೀರು ಶುದ್ಧವೆಂದು ನೀನು ಪರೀಕ್ಷಿಸಿ ಹೇಳಿದ ದಿನ ಬೀಗ ತೆಗೆಸುತ್ತೇನೆ," ಎಂದಿದ್ದರು ಅಮ್ಮನವರು. "ಅಂದೇ ನಿನ್ನ ಪಾಠವೂ ಆರಂಭ."

ಶೇಷಗಿರಿ ಪರೀಕ್ಷೆಯನ್ನು ಪೂಜೆಯಂತೆಯೇ ನಡೆಸಿದ. ಮಿಂದು, ಮಡಿಯುಟ್ಟು, ಕೊನೆಯ ತೊಟ್ಟಿಯ ನೀರನ್ನು ಶೀಸೆಯಲ್ಲಿ ಹಿಡಿದು ಪೇಟೆಯ ಪ್ರಯೋಗಾಲಯಕ್ಕೆ ಒಯ್ದ. ಮತ್ತೆ ಮತ್ತೆ ಒಯ್ದ. ಪ್ರತಿ ಸಲವೂ ವರದಿ ಚೊಕ್ಕವಾಗಿ ಬಂತು.

ಕಡೆಗೊಂದು ದಶಮಿಯ ಬೆಳಿಗ್ಗೆ ಅವನು ಅಮ್ಮನವರ ಮುಂದೆ ಕೈಮುಗಿದು ನಿಂತ.

"ಅಮ್ಮಾ, ನೀರು ಶುದ್ಧವಾಗಿದೆ. ಬೀಗ ತೆಗೆಸಬಹುದು."

ಅಮ್ಮನವರು ಹೂಬತ್ತಿ ಹೊಸೆಯುತ್ತಿದ್ದರು. "ಅಷ್ಟು ಶುದ್ಧವೋ?"

"ಪ್ರಯೋಗಾಲಯದವರೇ ಬೆರಗಾಗಿದ್ದಾರೆ. ತಪ್ಪಿ ಬಾವಿಯ ನೀರು ತಂದಿರೇನು ಎಂದು ಕೇಳಿದರು."

"ನೀರನ್ನು ಹಿಡಿಯುವುದು ಎಂದು?"

"ಏಕಾದಶಿಯ ಸಂಜೆ, ಅಮ್ಮಾ." ಶೇಷಗಿರಿಯ ಮುಖ ಅರಳಿತು. "ಮೈಲಿಗೆಯ ಕೆಲಸವಾದರೂ ಪುಣ್ಯದಿನದಂದು ಆಗಲಿ ಎಂದು."

ಏಕಾದಶಿಯಂದು ಆಶ್ರಮದಲ್ಲಿ ಎಲ್ಲರಿಗೂ ನಿರಾಹಾರ. ಒಲೆ ಹೊತ್ತುವುದಿಲ್ಲ, ಪಾತ್ರೆ ಬೀಳುವುದಿಲ್ಲ. ಅಂದು ತೊಟ್ಟಿಗಳಿಗೂ ಉಪವಾಸವೇ.

"ಉಳಿದ ದಿನಗಳಲ್ಲಿ ನೋಡುವುದಿಲ್ಲವೇ?"

"ನೋಡುತ್ತೇನೆ, ಅಮ್ಮಾ. ಆದರೆ ಆ ದಿನಗಳಲ್ಲಿ ನೀರು ತನ್ನ ನಿಜಸ್ವರೂಪದಲ್ಲಿ ಇರುವುದಿಲ್ಲ. ಉಪಾಧಿಗಳು ಸೇರಿಕೊಂಡಿರುತ್ತವೆ."

"ಯಾವ ಉಪಾಧಿಗಳಪ್ಪಾ?"

"ಸಾರು. ಎಣ್ಣೆ. ಸಾಬೂನು. ಇನ್ನೂ ಕೆಲವು... ತಮ್ಮೆದುರು ಹೇಳಬಾರದು."

ಅಮ್ಮನವರು ನಗಲಿಲ್ಲ. "ಸರಿ. ನಾಡಿದ್ದು ದ್ವಾದಶಿಯ ಸಂಜೆ ತೊಟ್ಟಿಯ ಬಳಿ ಇರು. ನಾನೂ ಬರುತ್ತೇನೆ," ಎಂದರು.

ಬೀಗಕ್ಕೆ ಮುಹೂರ್ತ ಬಂತೆಂದುಕೊಂಡು ಶೇಷಗಿರಿ ಹಿಗ್ಗಿದ.

ದ್ವಾದಶಿಯ ಪಾರಣೆ ಎಂದರೆ ಆ ಆಶ್ರಮದಲ್ಲಿ ಸಾಮಾನ್ಯವಲ್ಲ. ಹಿಂದಿನ ದಿನ ಬಿಟ್ಟದ್ದನ್ನೂ ಸೇರಿಸಿ ಎಲ್ಲರೂ ಉಂಡರು. ಅಡುಗೆಯ ನರಹರಿ ಹಯಗ್ರೀವಕ್ಕೆ ತುಪ್ಪವನ್ನು ಧಾರಾಳವಾಗಿ ಸುರಿದಿದ್ದ. ಉರುಳಿ, ಕೊಳಗ, ಬಾಣಲೆಗಳನ್ನು ತೊಳೆಯುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು.

ಸಂಜೆ ಕೊನೆಯ ತೊಟ್ಟಿಯಲ್ಲಿ ನೊರೆ ಎದ್ದಿತ್ತು. ವಾಸನೆಯನ್ನು ಹುಡುಕಿಕೊಂಡು ಹೋಗಬೇಕಿರಲಿಲ್ಲ, ಅದೇ ಎದುರುಗೊಳ್ಳುತ್ತಿತ್ತು.

ಅಮ್ಮನವರು ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಒಣ ಪಂಚೆ ಹಿಡಿದು ಬಂದರು.

"ಒಂದು ಬಕೆಟ್ ನೀರು ಎತ್ತು."

ಶೇಷಗಿರಿ ಉಸಿರು ಬಿಗಿಹಿಡಿದು ಎತ್ತಿದ. "ಪರೀಕ್ಷೆಗೆ ಇಷ್ಟು ಬೇಡ, ಅಮ್ಮಾ. ಒಂದು ಶೀಸೆ ಸಾಕು."

"ಪರೀಕ್ಷೆಗಲ್ಲ. ಕುಳಿತುಕೋ, ತಲೆಗೆ ಹುಯ್ಯುತ್ತೇನೆ."

"ನನ್ನ ತಲೆಗೇ?"

"ಊರವರ ತಲೆಗೆ ಬೀಳುವ ಮುನ್ನ ಆಶ್ರಮದ ಒಂದು ತಲೆಗಾದರೂ ಬೀಳಲಿ. ಶುದ್ಧವೆಂದವನು ನೀನೇ ಅಲ್ಲವೇ?"

ಶೇಷಗಿರಿ ಬಕೆಟ್ಟಿನೊಳಗೆ ಇಣುಕಿದ. ಅವನಿಗೆ ಮಡಿ, ಪಾಠ, ಬೀಗ ಎಲ್ಲವೂ ಒಮ್ಮೆಗೇ ಮರೆತುಹೋದವು.

ಅಡುಗೆಮನೆಯ ಕಿಟಕಿಯಿಂದ ನರಹರಿ ಕೂಗಿದ: "ಮೀಯಿರಿ, ಶೇಷಗಿರಿಯವರೇ! ಸೀಗೆಪುಡಿ ಕೊಡಲೇ? ಎಣ್ಣೆಯಂತೂ ಅದರಲ್ಲೇ ಇದೆ!"

"ನೀನು ಸುಮ್ಮನಿರಯ್ಯಾ!" ಎಂದು ಗದರಿ, ಶೇಷಗಿರಿ ಅಮ್ಮನವರತ್ತ ತಿರುಗಿದ. ಧ್ವನಿ ತಗ್ಗಿತು. "ಅಮ್ಮಾ, ಒಂದು ವಿಜ್ಞಾಪನೆ. ಇಂದು ಬೇಡ. ಮುಂದಿನ ಏಕಾದಶಿಗೆ ಖಂಡಿತ ಮೀಯುತ್ತೇನೆ. ಅಂದು ಎಷ್ಟು ಬಕೆಟ್ ಬೇಕಾದರೂ ಹುಯ್ಯಿರಿ."

ಅಮ್ಮನವರು ತಂಬಿಗೆಯನ್ನು ಕೆಳಗಿಟ್ಟರು.

"ಹಾಗೇ ಆಗಲಿ. ಈಗ ಕೆಳಗಿನ ಊರಿಗೆ ಹೋಗು. ಇನ್ನು ಮೇಲೆ ಏಕಾದಶಿಯಂದು ಮಾತ್ರ ಮೀಯಬೇಕೆಂದು ಮನೆಮನೆಗೂ ನೀನೇ ಹೇಳಿ ಬಾ."