ಬೋರ್ಡಿನ ಹಿಂದಿನ ಜರಿಶಾಲು

ಗೋಡೆಗೆ ಹೊದಿಸುವ ಬೋರ್ಡಿನ ಕಾರ್ಖಾನೆಯ ಮಾಲೀಕರಾದ ಶಿವಬಸಪ್ಪನವರು ಸನ್ಮಾನದ ಜರಿಶಾಲು ಹೊದ್ದೇ ಬೆಂಕಿ ಪರೀಕ್ಷೆಯ ಲ್ಯಾಬಿಗೆ ಬಂದರು.

"ನನ್ನ ಗೋಡೆ ಬೋರ್ಡಿಗೆ ಪರೀಕ್ಷೆ ಯಾಕಯ್ಯಾ? ಒಂದು ಗಂಟೆ ಬೆಂಕಿ ತಡೆಯುತ್ತೆ ಅಂತ ಬರಿ. ಇಲ್ಲದಿದ್ದರೆ ನಿನ್ನ ಕೆಲಸ ಇರಲ್ಲ!"

ಫರ್ನೇಸ್ ನೋಡಿಕೊಳ್ಳುವ ಜವರಯ್ಯ ಕೈಮುಗಿದ. "ಬರೀತೀನಿ ಸ್ವಾಮಿ. ಬೋರ್ಡಿನ ಈ ಕಡೆ ಬೆಂಕಿ ಹಾಕಿ, ಆ ಕಡೆ ಹತ್ತಿ ಹಿಡಿಯೋದು ನಮ್ಮ ಪದ್ಧತಿ. ಹತ್ತಿ ಹೊತ್ತಿಕೊಂಡರೆ ಬೋರ್ಡು ಸೋತ ಹಾಗೆ. ಇವತ್ತು ಹತ್ತಿ ಬೇಡ, ನಿಮ್ಮ ಶಾಲೇ ಇರಲಿ. ಅದನ್ನ ಎಷ್ಟು ಹೊತ್ತು ಅಲ್ಲೇ ಬಿಟ್ಟಿರ್ತೀರೋ ಅಷ್ಟು ಬರೀತೀನಿ."

ಬೇಡ ಅಂದರೆ ತಮ್ಮ ಬೋರ್ಡಿಗೇ ಅವಮಾನ. ಶಾಲು ಕೊಟ್ಟರು. ಜವರಯ್ಯ ಅದನ್ನು ಬೋರ್ಡಿನ ಹಿಂದೆ ತಗುಲಿಸಿ ಬೆಂಕಿ ಹಚ್ಚಿದ. ಐದು ನಿಮಿಷ ಮೀಸೆ ತಿರುವಿದರು. ಎಂಟನೇ ನಿಮಿಷಕ್ಕೆ ಕೈ ಮೀಸೆಯಿಂದ ಇಳಿಯಿತು. ಹನ್ನೊಂದಕ್ಕೆ ಬೋರ್ಡಿನ ಹಿಂಬದಿ ಕಪ್ಪಾಯಿತು. ಓಡಿಹೋಗಿ ಶಾಲು ಕಿತ್ತು ಎದೆಗವಚಿಕೊಂಡರು.

"ಹನ್ನೊಂದು ಅಂತ ಬರೀಲಾ ಸ್ವಾಮಿ?"

"ಏನೂ ಬರೀಬೇಡ ಮಾರಾಯ. ಬೇರೆ ಬೋರ್ಡು ಮಾಡ್ತೀನಿ."

ಆರು ತಿಂಗಳಿಗೆ ಹೊಸ ಬೋರ್ಡು ತಂದರು. ಶಾಲನ್ನು ತಾವೇ ಹಿಂದೆ ತಗುಲಿಸಿ, ಒಂದು ಗಂಟೆ ಕಾಫಿ ಕುಡಿಯುತ್ತಾ ಕೂತರು. ಆಮೇಲೆ ಅದನ್ನು ತೆಗೆದು ಜವರಯ್ಯನಿಗೆ ಹೊದಿಸಿದರು.

"ಸುಡುತ್ತೇನಯ್ಯಾ?"

"ಇಲ್ಲ ಸ್ವಾಮಿ. ಹಿತವಾಗಿದೆ."

"ಹಾಗಾದರೆ ಬರಿ!"